ಬೀದರ್ ಥಂಡಿಯಲ್ಲಿ ಮನೆ ಬೆಚ್ಚಗಿರಲಿ, ಬಿಲ್ ಏರದಿರಲಿ: ಹಂತಹಂತದ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಬೀದರ್‌ನ ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ರೂಮ್ ಹೀಟರ್ ಡಬ್ಬಿಗಳು ಸಾಲಾಗಿ ಬಂದು ಕೂರುತ್ತವೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಸಣ್ಣ ಕೂಸಿದೆ, ಒಂದು ತಂದೇಬಿಡೋಣ ಅನಿಸುತ್ತದೆ. ತರಬೇಡಿ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬಹಳ ಇದೆ. ಹೆಚ್ಚಿನವಕ್ಕೆ ದುಡ್ಡೇ ಬೇಕಿಲ್ಲ. ಅವನ್ನು ಮಾಡಿಯೂ ಥಂಡಿ ತಡೆಯದಿದ್ದರೆ ಹೀಟರ್ ತನ್ನಿ. ಅದನ್ನು ಹೇಗೆ ಆರಿಸಬೇಕು ಅನ್ನುವುದೂ ಮುಂದೆ ಇದೆ.

ಮೊದಲು ನಮ್ಮ ಚಳಿಯ ಸ್ವಭಾವ ತಿಳಿದುಕೊಳ್ಳೋಣ. ಬೀದರ್ ಇರುವುದು ಸಮುದ್ರಮಟ್ಟದಿಂದ 2,000 ಅಡಿಗಿಂತ ಎತ್ತರದ ಪ್ರಸ್ಥಭೂಮಿಯ ಮೇಲೆ. ಚಳಿಗಾಲದಲ್ಲಿ ಮೋಡ ಇರುವುದಿಲ್ಲ, ಗಾಳಿ ಒಣಗಿರುತ್ತದೆ. ಹೊದಿಕೆಯಂತೆ ಮೇಲೆ ಮೋಡ ಇಲ್ಲದ ಕಾರಣ ನೆಲ, ಗೋಡೆ, ಮಾಳಿಗೆ ಎಲ್ಲವೂ ಹಗಲು ಹೀರಿದ ಬಿಸಿಯನ್ನು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತವೆ. ಹೀಗಾಗಿ ಮಧ್ಯಾಹ್ನ 27-28 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 12-15ಕ್ಕೆ ಇಳಿಯುತ್ತದೆ. ಕೆಲವು ವರ್ಷ ಒಂದಂಕಿಗೂ ಬರುತ್ತದೆ. ಕಲಬುರಗಿ, ಯಾದಗಿರಿಗಳಲ್ಲಿ ಥಂಡಿ ಸ್ವಲ್ಪ ಕಡಿಮೆ ಇದ್ದರೂ ರೀತಿ ಇದೇ.

ಅಂದರೆ ನಮಗೆ ದಿನಾಲೂ ಮಧ್ಯಾಹ್ನ ಪುಕ್ಕಟೆ ಬಿಸಿ ಸಿಗುತ್ತದೆ. ಕೆನಡಾದಲ್ಲೋ ಕಾಶ್ಮೀರದಲ್ಲೋ ಹಗಲೂ ಥಂಡಿ, ರಾತ್ರಿಯೂ ಥಂಡಿ. ಅಲ್ಲಿಯವರು ದಿನವಿಡೀ ಉರುವಲು ಸುಡಲೇಬೇಕು. ಅಲ್ಲಿಯ ವಿಡಿಯೋ ನೋಡಿ ಇಲ್ಲಿ ಹೀಟರ್ ಕೊಂಡರೆ ಲೆಕ್ಕ ತಪ್ಪುತ್ತದೆ. ಮಧ್ಯಾಹ್ನದ ಬಿಸಿಯನ್ನು ಒಳಗೆ ಹಿಡಿದು, ಮರುದಿನ ಬೆಳಿಗ್ಗೆ ಎಂಟರವರೆಗೆ ಬಿಡದಂತೆ ಕಾಯುವುದಷ್ಟೇ ನಮ್ಮ ಕೆಲಸ.

ಹಂತ 1: ದುಡ್ಡು ಎಲ್ಲಿ ಹೋಗುತ್ತಿದೆ ನೋಡಿ

ಒಂದು ಸಣ್ಣ ಸೂತ್ರ ನೆನಪಿಟ್ಟುಕೊಳ್ಳಿ. ನೀರು ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಿಸಬೇಕು, ಎರಡನ್ನೂ ಗುಣಿಸಿ 860ರಿಂದ ಭಾಗಿಸಿ. ಬಂದದ್ದು ಯೂನಿಟ್. ಬೆಳಿಗ್ಗೆ ಟ್ಯಾಂಕಿನ ನೀರು 18 ಡಿಗ್ರಿ ಇದೆ, ಸ್ನಾನಕ್ಕೆ 40 ಬೇಕು, ಬಕೆಟ್ 20 ಲೀಟರಿನದು ಅಂದುಕೊಳ್ಳಿ. 20 ಗುಣಿಸು 22 ಅಂದರೆ 440. ಅದನ್ನು 860ರಿಂದ ಭಾಗಿಸಿದರೆ ಅರ್ಧ ಯೂನಿಟ್. ನಾಲ್ವರಿಗೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60.

ಹೀಟರ್ ಲೆಕ್ಕ ಇನ್ನೂ ಸುಲಭ. 2000 ವ್ಯಾಟಿನದು ಗಂಟೆಗೆ 2 ಯೂನಿಟ್ ಎಳೆಯುತ್ತದೆ. ರಾತ್ರಿ ಮೂರು ತಾಸು ಹಚ್ಚಿದರೆ 6. ತಿಂಗಳಿಗೆ 180. ಎಲ್‌ಇಡಿ ಬಲ್ಬು, ಟಿವಿ, ಫ್ರಿಜ್ ಆರಿಸಿ ಉಳಿಸುವ ಮಾತೆಲ್ಲ ಇದರ ಮುಂದೆ ಸಣ್ಣದು.

ಡಬ್ಬಿ ಮೇಲೆ ಬರೆದದ್ದನ್ನು ನಂಬಲು ಮನಸ್ಸಿಲ್ಲ ಅಂದರೆ ಮೀಟರನ್ನೇ ಕೇಳಿ. ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಹತ್ತಿರವೇ 1600 ಅಥವಾ 3200 ಎಂಬಂಥ ಒಂದು ಸಂಖ್ಯೆ ಇರುತ್ತದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಅರ್ಥ. ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ, ಗೀಸರ್ ಒಂದನ್ನೇ ಹಚ್ಚಿ, ಒಂದು ನಿಮಿಷ ಎಣಿಸಿ. 1600ರ ಮೀಟರಿನಲ್ಲಿ 2000 ವ್ಯಾಟಿನ ಗೀಸರ್ ನಿಮಿಷಕ್ಕೆ ಸುಮಾರು 53 ಸಲ ಮಿನುಗಿಸುತ್ತದೆ. ಮಕ್ಕಳಿಗೆ ಎಣಿಸಲು ಹೇಳಿ. ಆಮೇಲೆ ಗೀಸರ್ ಆರಿಸುವುದನ್ನು ಅವರೇ ನೆನಪಿಸುತ್ತಾರೆ.

ಹಂತ 2: 200 ಯೂನಿಟ್ ಗೆರೆ ದಾಟಬೇಡಿ

ಗೃಹಜ್ಯೋತಿಗೆ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು. ಆದರೂ ಅದರ ಲೆಕ್ಕ ಬಹಳ ಜನಕ್ಕೆ ಅರ್ಧವಷ್ಟೇ ಗೊತ್ತು. 200 ಯೂನಿಟ್‌ವರೆಗೂ ಎಲ್ಲರಿಗೂ ಫ್ರೀ ಅಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಪಾಲು. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಸೇರಿಸಿ ಕೊಟ್ಟರು. ಪಾಲು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಒಂದು ಉದಾಹರಣೆ ನೋಡಿ. ನಿಮ್ಮ ಪಾಲು 90 ಯೂನಿಟ್ ಅಂದುಕೊಳ್ಳಿ. ತೆರಿಗೆ ಗಿರಿಗೆ ಸೇರಿ ಯೂನಿಟ್ಟಿಗೆ 7 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿಯೋಣ. ತಿಂಗಳಿಗೆ 200 ಬಳಸಿದರೆ 110 ಯೂನಿಟ್ಟಿಗೆ ಕಟ್ಟಬೇಕು, 770 ರೂಪಾಯಿ. 201 ಆಯಿತೋ, 201ಕ್ಕೂ ಕಟ್ಟಬೇಕು. 1,407 ರೂಪಾಯಿ, ನಿಗದಿತ ಶುಲ್ಕ ಬೇರೆ. ಒಂದೇ ಯೂನಿಟ್ಟಿಗೆ ಆರುನೂರು ರೂಪಾಯಿ ಮೇಲೆ ಹೋಯಿತು, ಅಲ್ವಾ?

ಬೇಸಿಗೆಯಲ್ಲಿ ಕೂಲರಿನಿಂದ ಗೆರೆ ದಾಟುವುದು ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಫ್ಯಾನ್ ಕೂಡ ತಿರುಗುವುದಿಲ್ಲ, ಬಿಲ್ ಯಾಕೆ ಬರುತ್ತದೆ ಅಂತ ನಿಶ್ಚಿಂತೆಯಿಂದ ಇರುತ್ತೇವೆ. ಗೀಸರ್ ಮತ್ತು ಹೀಟರ್ ಸೇರಿ ಸುಮ್ನೆ ಗೆರೆ ದಾಟಿಸಿಬಿಡುತ್ತವೆ. ಜೆಸ್ಕಾಂನವರು ರೀಡಿಂಗ್ ತೆಗೆದುಕೊಂಡ ದಿನ ಮೀಟರಿನ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹದಿನೈದು ದಿನ ಆದ ಮೇಲೆ ಮತ್ತೆ ನೋಡಿ. 100 ದಾಟಿದ್ದರೆ ಉಳಿದ ಹದಿನೈದು ದಿನ ಕೈ ಬಿಗಿ ಹಿಡಿಯಿರಿ. ಬಿಲ್ ಕೈಗೆ ಬಂದ ಮೇಲೆ ತಲೆ ಕೆಡಿಸಿಕೊಂಡು ಏನೂ ಆಗುವುದಿಲ್ಲ.

ಹಂತ 3: ಸ್ನಾನದ ನೀರು

ಚಳಿಗಾಲದ ಖರ್ಚಿನಲ್ಲಿ ತಪ್ಪಿಸಲಾಗದ್ದು ಇದೊಂದೇ. ಹೀಟರ್ ಇಲ್ಲದೆ ಇರಬಹುದು, ಜನವರಿಯಲ್ಲಿ ತಣ್ಣೀರು ಸ್ನಾನ ಎಲ್ಲರ ಕೈಲಿ ಆಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮನೆಗೆ ಬೋರ್‌ವೆಲ್ ಇದ್ದವರು ಮೊದಲು ಮೋಟಾರ್ ಹಚ್ಚುವ ಹೊತ್ತು ಬದಲಿಸಿ. ನೆಲದಾಳದ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿ ಇರುತ್ತದೆ. ನಮ್ಮ ಭಾಗದಲ್ಲಿ 25-27 ಡಿಗ್ರಿ. ಬೆಳಿಗ್ಗೆ ಮೋಟಾರ್ ಹಚ್ಚಿದಾಗ ಪೈಪಿನಿಂದ ಹಬೆ ಆಡುವ ನೀರು ಬರುವುದನ್ನು ನೋಡಿರುತ್ತೀರಿ. ಅದೇ ನೀರನ್ನು ಸಂಜೆ ಮಾಳಿಗೆಯ ಟ್ಯಾಂಕಿಗೆ ಏರಿಸಿಟ್ಟರೆ ರಾತ್ರಿಯಿಡೀ ಥಂಡಿಗೆ ಒಡ್ಡಿದಂತೆ. ಬೆಳಿಗ್ಗೆ 17ಕ್ಕೆ ಇಳಿದಿರುತ್ತದೆ. 17ರಿಂದ 40ಕ್ಕೆ ಕಾಯಿಸಲು ಬಕೆಟ್ಟಿಗೆ ಅರ್ಧ ಯೂನಿಟ್ ಮೇಲೆ ಬೇಕು. 26ರಿಂದ ಆದರೆ ಮೂರನೇ ಒಂದು ಯೂನಿಟ್ ಸಾಕು. ನಾಲ್ಕು ಬಕೆಟ್ಟಿಗೆ ತಿಂಗಳಿಗೆ 24 ಯೂನಿಟ್ ಹತ್ತಿರ ಉಳಿಯುತ್ತದೆ. ಹೇಗೂ ಏರಿಸುವ ನೀರೇ, ಸಂಜೆ ಬದಲು ಬೆಳಿಗ್ಗೆ ಏರಿಸಿ. ಇನ್ನೂ ಒಳ್ಳೆಯದು ಅಂದರೆ ಕೆಳಗಿನ ನಳದಿಂದ ನೇರ ಬಕೆಟ್ ತುಂಬಿಕೊಳ್ಳುವುದು.

ನಳದ ನೀರೊಂದೇ ಇರುವವರಿಗೆ ಈ ಉಪಾಯ ನಡೆಯುವುದಿಲ್ಲ. ಕಾರಂಜಾದ ನೀರೋ ಭೀಮೆಯ ನೀರೋ, ಕೆರೆ ಹೊಳೆಯ ನೀರು ಚಳಿಗೆ ತಣ್ಣಗೇ ಇರುತ್ತದೆ. ಅವರು ಸ್ನಾನದ ಹೊತ್ತನ್ನೇ ಬದಲಿಸಬಹುದು. ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಚೆನ್ನಾಗಿ ಬೆಚ್ಚಗಾಗಿರುತ್ತದೆ. ಶಾಲೆಯಿಂದ ಬಂದ ಮಕ್ಕಳಿಗೆ, ಮನೆಯಲ್ಲೇ ಇರುವ ಅಜ್ಜ ಅಜ್ಜಿಗೆ ಆಗ ಸ್ನಾನ ಮಾಡಿಸಿ. ಬಚ್ಚಲೂ ಆಗ ಬೆಚ್ಚಗಿರುತ್ತದೆ. ದೇವರ ಪೂಜೆಗೆ ಬೆಳಿಗ್ಗೆಯೇ ಮೈ ತೊಳೆಯಬೇಕು ಅನ್ನುವ ಹಿರಿಯರಿದ್ದರೆ ಅವರ ಪಾಡಿಗೆ ಬಿಡಿ. ಒಂದು ಬಕೆಟ್ಟಿನಲ್ಲಿ ಸಂಸಾರ ಮುಳುಗುವುದಿಲ್ಲ.

ಇನ್ನು ಗೀಸರ್. ಅದರ ತಿರುಪನ್ನು 50ರ ಆಸುಪಾಸು ಇಡಿ. ಬಹಳ ಮನೆಗಳಲ್ಲಿ ಅಂಗಡಿಯಿಂದ ಬಂದಾಗ ಎಲ್ಲಿತ್ತೋ ಅಲ್ಲೇ, 65-70ಕ್ಕೆ ಇರುತ್ತದೆ. 15 ಲೀಟರ್ ಗೀಸರಿನ 50 ಡಿಗ್ರಿ ನೀರಿಗೆ 5 ಲೀಟರ್ ತಣ್ಣೀರು ಬೆರೆಸಿದರೆ ಒಂದು ತುಂಬು ಬಕೆಟ್ 40ರ ಮೇಲೆ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಕಾಯಿಸಿ ಮತ್ತೆ ತಣ್ಣೀರು ಸುರಿಯುವುದರಲ್ಲಿ ಅರ್ಥವಿಲ್ಲ. 17 ಡಿಗ್ರಿಯ ನೀರು 50ಕ್ಕೆ ಬರಲು 2000 ವ್ಯಾಟಿನ ಗೀಸರಿಗೆ 17-18 ನಿಮಿಷ ಸಾಕು. ಏಳುತ್ತಲೇ ಹಚ್ಚಿ, ಚಹಾ ಕುಡಿದು ಮುಗಿಯುವಷ್ಟರಲ್ಲಿ ಆರಿಸಿ. ಹಗಲು ರಾತ್ರಿ ಹಚ್ಚಿಯೇ ಬಿಟ್ಟರೆ ಯಾರೂ ಸ್ನಾನ ಮಾಡದಿದ್ದರೂ ದಿನಕ್ಕೆ ಅರ್ಧ ಯೂನಿಟ್ ಹತ್ತಿರ ಸುಮ್ನೆ ಹೋಗುತ್ತದೆ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಮತ್ತೂ ಒಳ್ಳೆಯದು.

ಕಲಬುರಗಿ, ಯಾದಗಿರಿ ಕಡೆಯ ಬೋರ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಗೀಸರಿನೊಳಗಿನ ಕಾಯಿಲಿಗೂ ಕಟ್ಟುತ್ತದೆ. ನೀರು ಕಾಯಲು ಹೊತ್ತು ಹಿಡಿಯುತ್ತದೆ, ಕೊನೆಗೆ ಕಾಯಿಲು ಸುಟ್ಟು ಹೋಗುತ್ತದೆ. ನೀರು ಜಾಸ್ತಿ ಕಾದಷ್ಟೂ ಪದರ ಬೇಗ ಕಟ್ಟುತ್ತದೆ. 50ಕ್ಕೆ ಇಡಿ ಅನ್ನಲು ಇದೂ ಒಂದು ಕಾರಣ. ಚಳಿಗಾಲಕ್ಕೆ ಮೊದಲು ಒಮ್ಮೆ ಬಿಚ್ಚಿಸಿ ತೊಳೆಸಿ.

ನೀರು ಕಾಯಿಸುವ ರಾಡ್ ಹಳೆಯದೆಂದು ಮೂಗು ಮುರಿಯಬೇಡಿ. ರಾಡಿನ ಬಿಸಿ ಎಲ್ಲ ನೀರಿಗೇ ಹೋಗುತ್ತದೆ. 1500 ವ್ಯಾಟಿನದು ಒಂದು ಬಕೆಟ್ಟಿಗೆ 20-25 ನಿಮಿಷ ತೆಗೆದುಕೊಳ್ಳುತ್ತದೆ, ಖರ್ಚು ಅದೇ ಅರ್ಧ ಯೂನಿಟ್. ಅದರ ತೊಂದರೆ ಇರುವುದು ಜೀವಕ್ಕೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲಷ್ಟೇ ನೀರಿಗೆ ಕೈ ಹಾಕಬೇಕು. ಬೆರಳು ಅದ್ದಿ ಕಾದಿದೆಯಾ ಅಂತ ನೋಡುವ ಅಭ್ಯಾಸ ಮನೆಯಲ್ಲಿ ಯಾರಿಗಿದ್ದರೂ ಇವತ್ತೇ ಬಿಡಿಸಿ. ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದರೆ ಶಾಕ್ ಹೊಡೆದ ಕ್ಷಣವೇ ಕರೆಂಟ್ ಕಡಿಯುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೆ ಮನೆಗಳಿಗೆ ಇದು ಬೇಕೇಬೇಕು.

ಗ್ಯಾಸ್ ಮೇಲೆ ಕಾಯಿಸಿದರೆ ಅಗ್ಗ ಅನ್ನುವವರಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. 14.2 ಕಿಲೋ ಸಿಲಿಂಡರಿಗೆ 900 ರೂಪಾಯಿ ಹಿಡಿಯಿರಿ. ಒಲೆಯಲ್ಲಿ ಸುಮಾರು ಶೇ 40ರಷ್ಟು ಬಿಸಿ ಪಾತ್ರೆಯ ಪಕ್ಕದಿಂದ ಹೊರಗೆ ಹೋಗುತ್ತದೆ. ನೀರಿಗೆ ಸೇರಿದ ಒಂದೊಂದು ಯೂನಿಟ್ ಬಿಸಿಗೆ 8 ರೂಪಾಯಿ ಬೀಳುತ್ತದೆ. ಕರೆಂಟ್ ಅದಕ್ಕಿಂತ ಸೋವಿ. 200ರ ಗೆರೆ ಹತ್ತಿರ ಬಂದ ತಿಂಗಳು ಮಾತ್ರ ಗ್ಯಾಸಿನ ಕಡೆ ತಿರುಗಿ.

ಹೊಲ ಇದ್ದವರಿಗೆ ಈ ಚಿಂತೆಯೇ ಇಲ್ಲ. ತೊಗರಿ ರಾಶಿ ಆಗುವುದೂ ಡಿಸೆಂಬರ್ ಜನವರಿಯಲ್ಲೇ, ಥಂಡಿ ಬೀಳುವುದೂ ಆಗಲೇ. ತೊಗರಿ ಕಟ್ಟಿಗೆ ಬೇಗ ಹೊತ್ತಿಕೊಂಡು ಬೇಗ ಮುಗಿಯುತ್ತದೆ. ಹಾಗಾಗಿ ಹಂಡೆಯ ಒಲೆಗೆ ಕಟ್ಟಿಗೆಯ ಜೊತೆ ಎರಡು ಕುಳ್ಳು ಇಡಿ, ಕಾವು ನಿಲ್ಲುತ್ತದೆ. ಹಂಡೆಯ ಮೇಲೆ ಮುಚ್ಚಳ ಇರಲಿ. ಒಲೆಯ ಮೂರು ಕಡೆ ಮಣ್ಣು ಮೆತ್ತಿ, ಹಂಡೆಗೂ ಗೋಡೆಗೂ ನಡುವೆ ಬೆರಳಗಲ ಸಂದು ಬಿಟ್ಟರೆ ಉರಿ ಹಂಡೆಯ ಮೈ ಸವರಿ ಮೇಲೆ ಹೋಗುತ್ತದೆ. ಹೊಗೆ ಮಾತ್ರ ಮನೆಯೊಳಗೆ ಬರಬಾರದು.

ಸೋಲಾರ್ ಹಾಕಿಸಬೇಕಾ? ನನ್ನ ಅಭಿಪ್ರಾಯ ಇದು. ಮನೆಯಲ್ಲಿ ಆರೇಳು ಜನ ಇದ್ದು, ಪ್ರತಿ ಚಳಿಗಾಲ 200 ದಾಟುತ್ತಿದ್ದರೆ ಖಂಡಿತ ಹಾಕಿಸಿ. ನಮ್ಮ ಚಳಿಗಾಲದಲ್ಲಿ ಮೋಡವಿಲ್ಲದ ಕಾರಣ ಸೋಲಾರ್ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕು ಜನರ ಮನೆ, ಬಿಲ್ ಬಹುತೇಕ ಸೊನ್ನೆ ಬರುತ್ತಿದ್ದರೆ ಅವಸರ ಬೇಡ. ಇಪ್ಪತ್ತು ಸಾವಿರದ ಆಸುಪಾಸು ಹಾಕಿದ್ದು ವಾಪಸ್ ಬರಲು ಬಹಳ ವರ್ಷ ಬೇಕು. ಹಾಕಿಸುವುದಾದರೆ ಗಡಸು ನೀರಿಗೆ ಗಾಜಿನ ಕೊಳವೆಯದ್ದು ವಾಸಿ, ತಾಮ್ರದ ಸಣ್ಣ ಪೈಪಿನದು ಬೇಗ ಕಟ್ಟಿಕೊಳ್ಳುತ್ತದೆ. ಮುಖ ದಕ್ಷಿಣಕ್ಕಿರಲಿ. ಬೀದರ್ 18 ಡಿಗ್ರಿ ಅಕ್ಷಾಂಶದಲ್ಲಿದೆ. ಚಳಿಗಾಲದ ಬಿಸಿಲು ಹಿಡಿಯಲು ಅದಕ್ಕೆ ಹತ್ತು ಹದಿನೈದು ಸೇರಿಸಿ 30ರ ಹತ್ತಿರ ಓರೆ ಕೊಡಿಸಿ. ರಾಶಿ ಕಾಲದ ಧೂಳು ಕೊಳವೆಗಳ ಮೇಲೆ ಕೂರುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ಮಾಳಿಗೆಯಿಂದ ಬಚ್ಚಲಿಗೆ ಬರುವ ಪೈಪಿಗೆ ಫೋಮ್ ಸುತ್ತಿಸಿ. ಮುಕ್ಕಾಲು ಇಂಚಿನ ಐವತ್ತು ಅಡಿ ಪೈಪಿನಲ್ಲಿ ನಾಲ್ಕೈದು ಲೀಟರ್ ನೀರು ನಿಂತಿರುತ್ತದೆ, ತಣ್ಣಗಾದರೆ ಅದಷ್ಟೂ ದಂಡ. ಬಚ್ಚಲಲ್ಲೇ ಇರುವ ಗೀಸರಿನ ಪೈಪಿಗೆ ಮಾತ್ರ ಈ ಖರ್ಚು ಬೇಡ, ಅದರಲ್ಲಿ ಒಂದು ಲೀಟರ್ ಕೂಡ ನಿಲ್ಲುವುದಿಲ್ಲ.

ಹಂತ 4: ಕಿಟಕಿಯ ವೇಳಾಪಟ್ಟಿ

ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆರೆಯುವುದು ನಮ್ಮ ರೂಢಿ. ಚಳಿಗಾಲದಲ್ಲಿ ಇದು ಉಲ್ಟಾ ಆಗಬೇಕು. ಏಳು ಗಂಟೆಗೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಿರುತ್ತದೆ. ಹತ್ತೂವರೆ ಹನ್ನೊಂದರ ಹೊತ್ತಿಗೆ ಹೊರಗೆ ಬೆಚ್ಚಗಾಗುತ್ತದೆ. ಆಗ ಎಲ್ಲ ತೆರೆಯಿರಿ, ಪರದೆ ಪೂರ್ತಿ ಸರಿಸಿ. ದಕ್ಷಿಣದ ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬೀಳಲಿ. ಸಂಜೆ ನಾಲ್ಕೂವರೆಗೆ ಮುಚ್ಚಿ. ಡಿಸೆಂಬರಿನಲ್ಲಿ ಆರಕ್ಕೂ ಮೊದಲೇ ಸೂರ್ಯ ಮುಳುಗುತ್ತಾನೆ, ಆಮೇಲೆ ಮುಚ್ಚಿದರೆ ಹಿಡಿದದ್ದು ಹೋಗಿರುತ್ತದೆ. ಸೊಳ್ಳೆ ಒಳಗೆ ಬಾರದಂತೆ ತಡೆಯಲೂ ಇದೇ ಹೊತ್ತು ಒಳ್ಳೆಯದು.

ಮುಚ್ಚಿದ ಮೇಲೆ ದಪ್ಪ ಪರದೆ ಎಳೆಯಿರಿ. ಕಿಟಕಿಯ ಅಂಚಿಗಿಂತ ಅರ್ಧ ಅಡಿ ಕೆಳಗೆ, ಎರಡೂ ಬದಿಗೆ ಗೋಡೆಗೆ ತಾಗುವಂತಿರಬೇಕು. ತೆಳು ಪರದೆ ಇದ್ದರೆ ಹಿಂದೆ ಹಳೆ ಬೆಡ್‌ಶೀಟ್ ಸೇರಿಸಿ ಹೊಲಿಯಿರಿ. ನೋಡಲು ಚೆಂದ ಇರಲಿಕ್ಕಿಲ್ಲ, ಎರಡು ತಿಂಗಳ ಮಾತು.

ಹಂತ 5: ಸಂದಿ ಮುಚ್ಚಿ

ರಾತ್ರಿ ಫ್ಯಾನ್ ಎಲ್ಲ ಆರಿಸಿ ಒಂದು ಊದಿನಕಡ್ಡಿ ಹಚ್ಚಿಕೊಂಡು ಬಾಗಿಲು, ಕಿಟಕಿಯ ಅಂಚಿನಲ್ಲಿ ನಿಧಾನ ಸಾಗಿ. ಹೊಗೆ ನೇರ ಮೇಲೆ ಹೋದರೆ ಸರಿ. ಒಳಗೆ ಬಾಗಿದರೆ ಅಲ್ಲಿಂದ ಥಂಡಿ ಗಾಳಿ ನುಗ್ಗುತ್ತಿದೆ. ಹೆಚ್ಚಿನ ಮನೆಗಳಲ್ಲಿ ಕಳ್ಳ ಇರುವುದು ಮುಂಬಾಗಿಲ ಕೆಳಗೆ. ಹಳೆ ಸೀರೆಯನ್ನು ಬಾಗಿಲಗಲಕ್ಕೆ ಕೊಳವೆಯಂತೆ ಹೊಲಿದು, ಮರಳು ತುಂಬಿ ಅಡ್ಡ ಇಡಿ. ಕಿಟಕಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಂಟು ಫೋಮ್ ಪಟ್ಟಿ ಸಾಕು. ಇದನ್ನು ಚಳಿ ಹೋದ ಮೇಲೂ ತೆಗೆಯಬೇಡಿ, ಏಪ್ರಿಲ್ ಮೇನಲ್ಲಿ ಬಿಸಿಗಾಳಿ ಧೂಳು ಎರಡನ್ನೂ ತಡೆಯುತ್ತದೆ.

ಅಡುಗೆಮನೆಯ ಬೆಳಕಿಂಡಿ ಮಾತ್ರ ಮುಚ್ಚಬೇಡಿ. ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಂಡಿಯನ್ನಂತೂ ಮುಟ್ಟಲೇಬೇಡಿ.

ಹಂತ 6: ನೆಲ ಮತ್ತು ಹಾಸಿಗೆ

ಶಹಾಬಾದ್ ಪರಸಿ ಬೇಸಿಗೆಯಲ್ಲಿ ಸ್ವರ್ಗ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿದವರಿಗೆ ಗೊತ್ತು. ಅದೇ ಗುಣ ಜನವರಿಯಲ್ಲಿ ಕಾಡುತ್ತದೆ. ಕಲ್ಲು ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಕೋಣೆ ಎಷ್ಟು ಬೆಚ್ಚಗಿದ್ದರೂ ಅಂಗಾಲು ತಣ್ಣಗಾದರೆ ಇಡೀ ಮೈಗೆ ಚಳಿ. ಓಡಾಡುವ ಜಾಗಕ್ಕೆ ಜಮಖಾನ ಹಾಸಿ, ಒಳಗೂ ಚಪ್ಪಲಿ ಹಾಕಿ. ನೆಲದ ಮೇಲೆ ಮಲಗುವವರು ಗಾದಿಯ ಕೆಳಗೆ ಎರಡು ಪದರ ಗೋಣಿಚೀಲ, ಅದರ ಮೇಲೆ ಚಾಪೆ ಹಾಕಿ. ಟಿವಿ ಫ್ರಿಜ್ ಬಂದ ರಟ್ಟಿನ ಡಬ್ಬಿ ಬಿಚ್ಚಿ ಹಾಸಿದರೂ ನಡೆಯುತ್ತದೆ.

ಮೇಲೆ ಎಷ್ಟು ಹೊದ್ದರೂ ಚಳಿ ಹೋಗದಿದ್ದರೆ ಗಾದಿ ನೋಡಿ. ವರ್ಷಗಟ್ಟಲೆ ಮಲಗಿ ಹತ್ತಿ ಗಟ್ಟಿಯಾಗಿ ಕೂತಿರುತ್ತದೆ. ಬೆಚ್ಚಗಿಡುವುದು ಹತ್ತಿಯ ನಡುವೆ ಸಿಕ್ಕಿಕೊಂಡ ಗಾಳಿ. ಹತ್ತಿ ಗಟ್ಟಿಯಾದರೆ ಗಾಳಿಗೆ ಜಾಗವಿಲ್ಲ. ಪಿಂಜಾರರ ಹತ್ತಿರ ಒಮ್ಮೆ ಹಿಂಜಿಸಿ ಮತ್ತೆ ತುಂಬಿಸಿ. ಹೊಸ ಗಾದಿ ಕೊಳ್ಳುವ ದುಡ್ಡಿನಲ್ಲಿ ಸಣ್ಣ ಪಾಲಷ್ಟೇ ಇದಕ್ಕೆ ಸಾಕು.

ಹೊದಿಕೆಗೆ ಕೌದಿಯನ್ನು ಮೀರಿಸಿದ್ದು ನನಗಂತೂ ಕಂಡಿಲ್ಲ. ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದದ್ದು. ಪದರದ ನಡುವೆ ಗಾಳಿ, ಮೈಗೆ ಮೆತ್ತನೆ ಹತ್ತಿ. ಕೌದಿ ಒಳಗೆ, ಕಂಬಳಿ ಹೊರಗೆ ಬರುವಂತೆ ಹೊದೆಯಿರಿ. ಕಂಬಳಿ ಚುಚ್ಚುವುದಿಲ್ಲ, ಕೌದಿಯ ಬಿಸಿ ಹೊರಗೆ ಹೋಗುವುದಿಲ್ಲ. ಮಧ್ಯಾಹ್ನ ಎರಡು ತಾಸು ಮಾಳಿಗೆಯ ಬಿಸಿಲಿಗೆ ಹಾಕಿ, ಬಿಸಿಲು ಇಳಿಯುವ ಮೊದಲೇ ಮಡಚಿ ಒಳಗೆ ತನ್ನಿ. ತೇವ ಹೋಗಿ ಹಗುರಾಗಿರುತ್ತದೆ.

ಇನ್ನೂ ಬೇಕು ಅನಿಸಿದರೆ ಎರಡು ಲೀಟರಿನ ಬಿಸಿನೀರಿನ ರಬ್ಬರ್ ಚೀಲ. ಟವೆಲ್ ಸುತ್ತಿ ಕಾಲ ಬಳಿ ಇಡಿ. ಖರ್ಚು ಯೂನಿಟ್ಟಿನ ಏಳನೇ ಒಂದು ಪಾಲು. ಕರೆಂಟ್ ಕಂಬಳಿ ಕೂಡ ಒಬ್ಬರದು 60-100 ವ್ಯಾಟಿನಷ್ಟೇ ಎಳೆಯುತ್ತದೆ. ಮಲಗುವ ಅರ್ಧ ಗಂಟೆ ಮೊದಲು ಹಚ್ಚಿ, ಹಾಸಿಗೆಗೆ ಹೋಗುವಾಗ ಆರಿಸಿ. ಕೂಸಿಗೆ, ಹಾಸಿಗೆ ಒದ್ದೆ ಮಾಡುವವರಿಗೆ, ಮೈಮೇಲೆ ಸ್ಪರ್ಶ ತಿಳಿಯದ ಸಕ್ಕರೆ ಕಾಯಿಲೆಯವರಿಗೆ ಇವೆರಡೂ ಬೇಡ. ಬಿಸಿ ಗೊತ್ತಾಗದೆ ಚರ್ಮ ಸುಡಬಹುದು.

ಹಂತ 7: ಮಲಗುವ ಜಾಗ ಬದಲಿಸಿ

ಇದು ಪುಕ್ಕಟೆ, ಆದರೂ ಯಾರೂ ಮಾಡುವುದಿಲ್ಲ. ಪಡುವಣ ಗೋಡೆಗೆ ಮಧ್ಯಾಹ್ನ ಎರಡರಿಂದ ಐದರವರೆಗೆ ಬಿಸಿಲು ಹೊಡೆಯುತ್ತದೆ. ಆ ಬಿಸಿ ಇಟ್ಟಿಗೆ ದಾಟಿ ಒಳಗೆ ಬರಲು ಆರೇಳು ತಾಸು ಬೇಕು, ಅಂದರೆ ನಾವು ಮಲಗುವ ಹೊತ್ತಿಗೆ ಸರಿಯಾಗಿ. ಬೀದರ್‌ನ ಹಳೆ ಕೆಂಪುಕಲ್ಲಿನ ದಪ್ಪ ಗೋಡೆಯಾದರೆ ಇನ್ನೂ ತಡ, ನಡುರಾತ್ರಿವರೆಗೂ ಬಿಸಿ ಬಿಡುತ್ತಿರುತ್ತದೆ. ಮಂಚವನ್ನು ಆ ಗೋಡೆಯ ಕಡೆ ಸರಿಸಿ. ಉತ್ತರದ ಗೋಡೆಯಿಂದ ದೂರ ಇರಿ. ಮಾರ್ಚಿನಲ್ಲಿ ಮಂಚವನ್ನು ಮತ್ತೆ ಮೊದಲಿನ ಜಾಗಕ್ಕೆ ಸರಿಸಿದರಾಯಿತು.

ಮಹಡಿ ಇದ್ದವರು ಚಳಿಗಾಲಕ್ಕೆ ಕೆಳಗೆ ಬನ್ನಿ. ಆರ್‌ಸಿಸಿ ಚಾವಣಿ ರಾತ್ರಿ ಬೇಗ ತಣ್ಣಗಾಗುತ್ತದೆ, ಅದರ ಕೆಳಗಿನ ಕೋಣೆಯೇ ಮನೆಯಲ್ಲೆಲ್ಲ ಹೆಚ್ಚು ಥಂಡಿ. ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗಿದರೆ ನಾಲ್ವರ ಮೈಯಿಂದ ಸೇರಿ ಹತ್ತಿರ ಹತ್ತಿರ 300 ವ್ಯಾಟಿನ ಬಿಸಿ ಬರುತ್ತದೆ. ಬಿಲ್ ಇಲ್ಲದ ಹೀಟರ್.

ಪತ್ರಾಸಿನ ಮನೆಯವರ ಕಷ್ಟ ಬೇರೆ. ತಗಡು ಸಂಜೆಗೇ ತಣ್ಣಗಾಗಿ, ಬೆಳಗಿನ ಜಾವ ಒಳಗಡೆ ಹನಿ ಕಟ್ಟಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ತಗಡಿನಿಂದ ಒಂದಡಿ ಕೆಳಗೆ ಬಿದಿರಿನ ತಟ್ಟಿಯೋ ಗಟ್ಟಿ ಬಟ್ಟೆಯೋ ಬಿಗಿದು ಕಟ್ಟಿ. ನಡುವಿನ ಗಾಳಿ ಥಂಡಿಯನ್ನು ತಡೆಯುತ್ತದೆ, ಬೇಸಿಗೆಯ ಕಾವನ್ನೂ ತಡೆಯುತ್ತದೆ. ಥರ್ಮಾಕೋಲ್ ಬೇಡ. ಒಂದು ಕಿಡಿ ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ.

ಹಂತ 8: ಇಷ್ಟಾದ ಮೇಲೂ ಹೀಟರ್ ಬೇಕೆಂದರೆ

ಅಂಗಡಿಯವರು ಆಯಿಲ್ ಹೀಟರಿಗೆ ಕರೆಂಟ್ ಕಡಿಮೆ ಸಾಕು ಅಂತಾರೆ. ಇದು ಸುಳ್ಳು. ಕಾಯಿಲಿನದಾಗಲಿ, ಫ್ಯಾನಿನದಾಗಲಿ, ಎಣ್ಣೆಯದಾಗಲಿ, ಒಂದು ಯೂನಿಟ್ ಕರೆಂಟಿಗೆ ಬರುವ ಬಿಸಿ ಒಂದೇ. ಬೇರೆಯಾಗುವುದು ಆ ಬಿಸಿ ಎಲ್ಲಿಗೆ ಹೋಗುತ್ತದೆ ಅನ್ನುವುದು. ಕೆಂಪಗೆ ಕಾಣುವ ಕ್ವಾರ್ಟ್ಜ್ ಅಥವಾ ಹ್ಯಾಲೊಜೆನ್ ಹೀಟರ್ ಎದುರಿಗೆ ಕೂತವರಿಗೆ ನೇರ ಬಿಸಿ ಕೊಡುತ್ತದೆ. ಓದುವ ಮಕ್ಕಳಿಗೆ, ಕುರ್ಚಿಯಲ್ಲಿ ಕೂರುವ ಅಜ್ಜನಿಗೆ 400 ವ್ಯಾಟಿನ ಒಂದೇ ಕಡ್ಡಿ ಸಾಕಾಗುತ್ತದೆ. ಎರಡು ತಾಸಿಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ನಾನು ಮೊದಲ ಮತ ಕೊಡುವುದು ಇದಕ್ಕೇ. ಫ್ಯಾನ್ ಹೀಟರ್ ಕೂಸಿಗೆ ಸ್ನಾನ ಮಾಡಿಸಿ ಒರೆಸುವ ಹತ್ತು ನಿಮಿಷಕ್ಕೆ ಸರಿ, ಬಚ್ಚಲೊಳಗೆ ಮಾತ್ರ ಇಡಬೇಡಿ. ಬಾಣಂತಿ ಕೋಣೆ ರಾತ್ರಿಯಿಡೀ ಒಂದೇ ಹದದಲ್ಲಿರಬೇಕು ಅಂದರೆ ಥರ್ಮೋಸ್ಟಾಟ್ ಇರುವ ಎಣ್ಣೆಯದು ಒಳ್ಳೆಯದು. ಕೆಂಪು ಕಾಯಿಲು ಹೊರಗೆ ಕಾಣದ ಕಾರಣ ಬಟ್ಟೆಗೆ ಬೆಂಕಿ ಹತ್ತುವ ಭಯ ಕಡಿಮೆ.

ಹೇಗೂ ಬೇಸಿಗೆಗೆ ಎಸಿ ಕೊಳ್ಳುವ ವಿಚಾರ ಇದ್ದರೆ ಬಿಸಿ ಗಾಳಿಯನ್ನೂ ಕೊಡುವ ಇನ್ವರ್ಟರ್ ಎಸಿ ನೋಡಿ. ಅದು ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನು ಒಳಗೆ ಸಾಗಿಸುತ್ತದೆ. ಹಾಗಾಗಿ ಒಂದು ಯೂನಿಟ್ಟಿಗೆ ಮೂರರಷ್ಟು ಬಿಸಿ ಸಿಗುತ್ತದೆ. ಚಳಿಗೆಂದೇ ಅದನ್ನು ಕೊಳ್ಳುವುದು ನಮ್ಮೂರಿಗೆ ಅತಿಯಾಯಿತು.

2000 ವ್ಯಾಟಿನ ಹೀಟರ್ 9 ಆಂಪಿಯರ್ ಹತ್ತಿರ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ಟಿಗೆ ಹಾಕಿದರೆ ಪ್ಲಗ್ ಕರಗುತ್ತದೆ. 16 ಆಂಪಿಯರಿನ ದೊಡ್ಡ ಸಾಕೆಟ್ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಐಎಸ್‌ಐ ಗುರುತು ನೋಡಿ ಕೊಳ್ಳಿ. ಕೌದಿ, ಪರದೆಯಿಂದ ಮೂರಡಿ ದೂರ ಇಡಿ.

ಹಂತ 9: ಶೇಗಡಿ ಒಳಗೆ ತರಬೇಡಿ

ಇದ್ದಿಲು ಕೆಂಪಗಾಗಿದೆ, ಹೊಗೆ ಬರುತ್ತಿಲ್ಲ, ಇನ್ನೇನು ತೊಂದರೆ ಅಂತ ಶೇಗಡಿಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಸೇರಿ ಆಮ್ಲಜನಕ ಸಿಗದಂತೆ ಮಾಡುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಸಂದಿಗಳನ್ನೆಲ್ಲ ಮುಚ್ಚಿದ ಮನೆಯಲ್ಲಿ ಅಪಾಯ ಇನ್ನೂ ಜಾಸ್ತಿ. ಬಚ್ಚಲೊಳಗಿನ ಗ್ಯಾಸ್ ಗೀಸರಿನದೂ ಇದೇ ಕತೆ, ಅದನ್ನು ಹೊರಗೋಡೆಗೆ ಹಾಕಿಸಿ, ಪೈಪ್ ಮಾತ್ರ ಒಳಗೆ ಬರಲಿ. ಯಾರಾದರೂ ತಲೆ ತಿರುಗಿ ಬಿದ್ದರೆ ಬಾಗಿಲು ಕಿಟಕಿ ತೆರೆದು, ಹೊರಗಿನ ಗಾಳಿಗೆ ತಂದು, 108ಕ್ಕೆ ಕರೆ ಮಾಡಿ. ಕಾಯಿಸಿಕೊಳ್ಳಬೇಕು ಅಂದರೆ ಅಂಗಳದಲ್ಲಿ ಬೆಂಕಿ ಹಾಕಿ, ಓಣಿಯವರೂ ಬಂದು ಕೂರುತ್ತಾರೆ.

ಹೊಸ ಮನೆ ಕಟ್ಟಿಸುವವರಿಗೆ

ನಕ್ಷೆ ಹಾಕಿಸುವಾಗಲೇ ಒಂದು ಮಾತು ಹೇಳಿಬಿಡಿ: ಮಲಗುವ ಕೋಣೆಗೆ ದಕ್ಷಿಣದ ಕಡೆ ಕಿಟಕಿ. ಡಿಸೆಂಬರ್ 21ರ ಆಸುಪಾಸು ಬೀದರ್‌ನಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ, 49 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಬಿಸಿಲು ಕಿಟಕಿಯಿಂದ ಒಳಗೆ ಬೀಳುತ್ತದೆ. ಮೇ ಕೊನೆ, ಜೂನ್ ಹೊತ್ತಿಗೆ ನಡುನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ ಹೋಗಿರುತ್ತಾನೆ. ಆಗ ಅದೇ ಕಿಟಕಿಗೆ ಬಿಸಿಲು ತಾಗುವುದೇ ಇಲ್ಲ. ನಾಲ್ಕಡಿ ಎತ್ತರದ ಕಿಟಕಿಗೆ ಎರಡಡಿ ಸಜ್ಜಾ ಇದ್ದರೆ ಡಿಸೆಂಬರಿನ ಮಧ್ಯಾಹ್ನ ಅದರ ನೆರಳು ಮೇಲಿನ ಅರ್ಧವನ್ನು ಮುಚ್ಚುತ್ತದೆ, ಕೆಳಗಿನ ಅರ್ಧಕ್ಕೆ ಸ್ವಲ್ಪ ಕಡಿಮೆ ಭಾಗದಿಂದ ಬಿಸಿಲು ಒಳಗೆ ಬರುತ್ತದೆ. ಸಜ್ಜಾ ಒಂದೂವರೆ ಅಡಿ ಮಾಡಿಸಿದರೆ ಇನ್ನೂ ಜಾಸ್ತಿ ಸಿಗುತ್ತದೆ. ವಾಸ್ತುವಿನವರು ದಕ್ಷಿಣಕ್ಕೆ ಬೇಡ ಅಂದರೆ ನಿಮ್ಮ ನಿಮ್ಮಲ್ಲೇ ಬಗೆಹರಿಸಿಕೊಳ್ಳಿ, ನಾನು ನಡುವೆ ಬರುವುದಿಲ್ಲ.

ಚಳಿಗೆ ಹೆದರಿ ಮಾಳಿಗೆಗೆ ಗಾಢ ಬಣ್ಣ ಬಳಿಯುವ ಯೋಚನೆ ಮಾತ್ರ ಬೇಡ. ನಮ್ಮ ಥಂಡಿ ಎರಡು ತಿಂಗಳದು, 40 ದಾಟುವ ಬೇಸಿಗೆ ಅದಕ್ಕಿಂತ ಉದ್ದ. ಮಾಳಿಗೆ ಬಿಳಿಯೇ ಇರಲಿ. ದುಡ್ಡಿದ್ದರೆ ಅದರ ಕೆಳಗೆ ಬಿಸಿ ತಡೆಯುವ ಒಂದು ಪದರ ಹಾಕಿಸಿ, ಎರಡೂ ಕಾಲಕ್ಕೆ ಬರುತ್ತದೆ.